ಐಸ್ ಪ್ಲಾಂಟಿನ ಭಾನುವಾರ

ಸೆಖೆ ಈ ಮಟ್ಟಕ್ಕೆ ಏರಿದ ಮೇಲೆ ನಮ್ಮ ಕರಾವಳಿಯಲ್ಲಿ ಯಾರಿಗೂ ಯಾರ ಮೇಲೂ ಪ್ರೀತಿ ಹುಟ್ಟುವುದಿಲ್ಲ. ಪ್ರೀತಿ ಬೇಕಾದವರು ಹಡಗು ಹತ್ತಿ ಅಂಟಾರ್ಕ್ಟಿಕಾಕ್ಕೆ ಹೋಗುತ್ತಾರೆ. ನಾನೂ ಉಮಾನಾಥರೂ ಹಾಗೇ ಹೋದವರು. ರಬ್ಬರ್ ದೋಣಿಯಿಂದ ಹಿಮದ ಮೇಲೆ ಇಳಿಯುವಾಗ ಜಾರಿ ಬಿದ್ದ ನನ್ನನ್ನು ಇವರು ಎಬ್ಬಿಸಿದರು, ಹಡಗಿನಲ್ಲೇ ಮದುವೆಯಾದೆವು. ಮಲ್ಪೆಯಲ್ಲಿ ಇಳಿದು ಕೋಟು ಬಿಚ್ಚಿದಾಗ ಪ್ರೀತಿಯೂ ಹೋಯಿತು. ಎಲ್ಲರದ್ದೂ ಇದೇ ಕಥೆ. ಅದಕ್ಕೇ ಭಾನುವಾರ ಗಂಡ ಹೆಂಡಿರೆಲ್ಲ ಉಣ್ಣೆಯ ಟೋಪಿ ಹಿಡಿದು ಮೀನಿನ ಐಸ್ ಪ್ಲಾಂಟಿನ ಮುಂದೆ ಕ್ಯೂ ನಿಲ್ಲುತ್ತಾರೆ.

ಇವತ್ತು ನಮ್ಮ ಸರದಿ ಬಂದಾಗ ಇವರಿಗೆ ಮಫ್ಲರ್ ಕೊಟ್ಟೆ. ತೆಗೆದುಕೊಳ್ಳಲಿಲ್ಲ.

"ಒಳಗೆ ಹೋದರೆ ನಿನ್ನನ್ನು ಬಿಟ್ಟಿರಲಾರೆ ಅನಿಸುತ್ತದೆ ಜಲಜಾ. ಹೊರಗೆ ಬಂದರೆ ಏನೂ ಇಲ್ಲ. ಸಾಕಾಯಿತು ನನಗೆ."

"ಹಾಗಾದರೆ ಇನ್ನು ಬರುವುದಿಲ್ಲವಾ?"

"ಇಲ್ಲ. ನಾನು ಅಣ್ಣನ ಮನೆಗೆ ಹೋಗುತ್ತೇನೆ. ನೀನು ಬೇಕಾದರೆ ಒಳಗೆ ಹೋಗು."

"ಆಯಿತು," ಎಂದೆ. ಆ ಬಿಸಿಲಲ್ಲಿ ನನಗೆ ಏನೂ ಅನಿಸಲಿಲ್ಲ.

ಸಿಕ್ಕಿದ ಸರದಿ ಯಾಕೆ ಬಿಡುವುದು ಎಂದು ಒಬ್ಬಳೇ ಒಳಗೆ ಹೋದೆ. ಬಾಗಿಲು ಹಾಕಿಕೊಂಡಿತು. ಬಂಗುಡೆ ವಾಸನೆಯ ಮಂಜುಗಡ್ಡೆಗಳ ಪಕ್ಕ ಕೂತು ಇವರ ಮಫ್ಲರನ್ನೂ ನಾನೇ ಸುತ್ತಿಕೊಂಡೆ.

ಚಳಿ ಮೈಗೆ ಹತ್ತುತ್ತಾ ಬಂದ ಹಾಗೆ, ಇವರು ಹೊರಗೆ ಹೇಳಿದ ಮಾತು ಏನೆಂದು ನನಗೆ ಗೊತ್ತಾಗತೊಡಗಿತು.