ಮೈಕಿನಲ್ಲಿ ಒಡಪು

“ಗ್ರಾಹಕರೇ ಗಮನಿಸಿ! ನುರಿತ ತಂತ್ರಜ್ಞರಿಂದ, ಆಧುನಿಕ ವಿಧಾನದಲ್ಲಿ, ನ್ಯಾಯಯುತ ದರದಲ್ಲಿ ಕುಕ್ಕರ್ ಹಾಗೂ ಗ್ಯಾಸ್ ಒಲೆ ದುರಸ್ತಿ ಮಾಡಿಕೊಡಲಾಗುವುದು!” ರಮಜಾನ ಓದಿ ಮುಗಿಸಿ, ಶಹಬ್ಬಾಸ್‌ಗಿರಿಗೆ ಕಾಯುತ್ತ ಎದುರಿಗಿದ್ದ ಗಂಡ ಹೆಂಡತಿಯ ಮುಖ ನೋಡಿದ. ವಿಜಯಪುರದ ಸ್ಟೇಷನ್ ರಸ್ತೆಯಲ್ಲಿ ಅವನದೊಂದು ಸಣ್ಣ ಕೋಣೆ. ಮೈಕಿನಲ್ಲಿ ಕೂಗುವ ಜಾಹೀರಾತು ಬರೆದು, ರೆಕಾರ್ಡ್ ಮಾಡಿ, ಪೆನ್‌ಡ್ರೈವಿಗೆ ಹಾಕಿಕೊಡುವುದು ಅವನ ಕಸುಬು. ಸೀರೆ ಅಂಗಡಿಯಿರಲಿ, ಬೋರ್‌ವೆಲ್ ಗಾಡಿಯಿರಲಿ, ಅವನ ಗ್ರಾಹಕರು ಗಮನಿಸಲೇಬೇಕು.

ಗಂಡ ಹಣಮಂತರಾಯ ಆ ಹಾಳೆಯನ್ನು ಎಳೆದುಕೊಂಡು ಕೆಳಗೆ ಬರೆದ: ‘ಇದು ನಾನಲ್ಲ.’

ಅವನು ಹೀಗೆ ಬರೆದು ತೋರಿಸಬೇಕಾಗಿ ಬಂದದ್ದೇ ಸಂಕಟದ ಸಂಗತಿ. ಇಪ್ಪತ್ತು ವರ್ಷ ತಿಕೋಟಾದಿಂದ ಹೊರಟು ಬಬಲೇಶ್ವರ, ಕನಮಡಿ, ಇಟ್ಟಂಗಿಹಾಳದ ಓಣಿಗಳಲ್ಲಿ ಮೋಟಾರ್ ಸೈಕಲ್ ನಿಲ್ಲಿಸಿ ಅವನು ಒಮ್ಮೆ ಕೂಗಿದರೆ ಸಾಕಿತ್ತು, ಹೆಂಗಸರು ಒಲೆಯ ಮೇಲಿನದನ್ನು ಇಳಿಸಿಟ್ಟು ಹೊರಗೆ ಬರುತ್ತಿದ್ದರು. ಗಂಟಲಿನ ಆಪರೇಷನ್ ಆಯಿತು. ಜೀವ ಉಳಿಯಿತು, ಧ್ವನಿ ಹೋಯಿತು. ಅವನು ಮನೆಯಲ್ಲಿ ಕುಳಿತ ನಾಲ್ಕು ತಿಂಗಳಲ್ಲಿ ಬೇರೆ ಮೂವರು ರಿಪೇರಿಯವರು ಮೈಕು ಕಟ್ಟಿಕೊಂಡು ಅದೇ ಊರುಗಳನ್ನು ಸುತ್ತತೊಡಗಿದ್ದರು. ಇನ್ನು ತಾನು ಹೋದರೆ ಬಂದವನು ತಾನೇ ಎಂದು ಯಾರಿಗೆ ತಿಳಿಯಬೇಕು? ಕೂಗಲಾರದವನನ್ನು ಜನ ಮರೆತೇಬಿಟ್ಟಿದ್ದರೆ? ಆ ಭಯ ಅವನನ್ನು ಒಳಗೊಳಗೇ ತಿನ್ನುತ್ತಿತ್ತು. ಹೆಂಡತಿ ನೀಲಾಗೆ ಅದು ಗೊತ್ತಿದ್ದುದರಿಂದಲೇ ಇಲ್ಲಿಗೆ ಕರೆತಂದಿದ್ದಳು.

“ಹಂಗಾರ ಒಂದ ಕೆಲಸ ಮಾಡೂಣು,” ಎಂದ ರಮಜಾನ. “ಕುಕ್ಕರ್ ಯಾರ ಕೈಯಾಗ ಇರತೈತಿ? ಹೆಣ್ಮಕ್ಕಳ ಕೈಯಾಗ. ಅಕ್ಕಾರ, ನೀವು ಬಾಜೂ ಮನ್ಯಾಕಿ ಜೋಡಿ ಹ್ಯಾಂಗ ಮಾತಾಡತೀರಿ, ಹಂಗ ನೀವ ಹೇಳ್ರಿ. ಬಂದವರ ಹೆಸರ ಮಾತ್ರ ಬರಬೇಕು ನೋಡ್ರಿ. ಹೆಸರ ಇಲ್ಲಂದ್ರ ಆ ಮೂವರ ಸಂಗಾಟ ಇವರು ನಾಕನೇದವರು, ಅಷ್ಟ.”

ನೀಲಾ ಮೈಕಿನ ಮುಂದೆ ಚೆನ್ನಾಗಿಯೇ ಶುರು ಮಾಡಿದಳು. “ಅಕ್ಕಾರ, ತಂಗ್ಯಾರ, ಕುಕ್ಕರ್ ಸೀಟಿ ಹೊಡಿವಲ್ದೇನು? ಹೊರಗ ತಗೊಂಡ ಬರ್ರಿ. ನಿಮ್ಮ ಓಣಿಗೆ ಬಂದಾರ...” ಅಲ್ಲಿಗೆ ನಿಂತಳು. ಮತ್ತೆ ಶುರು ಮಾಡಿ ಮತ್ತೆ ಅಲ್ಲೇ ಗಕ್ಕನೆ ನಿಂತಳು. ಐದನೆಯ ಸಲವೂ ಗಾಡಿ ಮುಂದೆ ಹೋಗಲಿಲ್ಲ.

“ಯಾಕ್ರೀ ಅಕ್ಕಾರ?”

“ಹೆಸರ ಬಾಯಾಗ ಬರವಲ್ದರಿ. ಮದಿವ್ಯಾಗಿ ಇಪ್ಪತ್ತೆರಡ ವರ್ಷಾತು, ಒಮ್ಮಿನೂ ಇವರ ಹೆಸರ ಹಿಡದ ಮಾತಾಡಿಲ್ಲ. ರೇಶನ್ ಅಂಗಡ್ಯಾಗ ಕೇಳಿದ್ರೂ ಕಾರ್ಡ ತೋರಸ್ತೀನಿ.”

“ಅಷ್ಟ ಹೌದಿಲ್ಲೋ? ಆ ಜಾಗಾಕ್ಕ ನನ್ನ ದನಿ ಹಾಕತೀನಿ ತಗೋರಿ,” ಎಂದು ರಮಜಾನ ಹಾಕಿ ಕೇಳಿಸಿಯೂಬಿಟ್ಟ. ನೀಲಾಳ ಮೆತ್ತಗಿನ ದನಿಯಲ್ಲಿ “ನಿಮ್ಮ ಓಣಿಗೆ ಬಂದಾರ...” ಎಂದಾದ ಮೇಲೆ “ಹಣಮಂತರಾಯ!” ಎಂಬ ಗಡಸು ಕೂಗು. ಪೊಲೀಸರು ಯಾರನ್ನೋ ಹಿಡಿಯಲು ಬಂದ ಹಾಗಿತ್ತು. ನೀಲಾ ಬಾಯಿಗೆ ಸೆರಗು ಒತ್ತಿಕೊಂಡಳು. ಹಣಮಂತರಾಯ ಭುಜ ಕುಣಿಸುತ್ತ ಸದ್ದಿಲ್ಲದೆ ನಕ್ಕ. ಆಪರೇಷನ್ ಆದಮೇಲೆ ಅವನು ನಕ್ಕದ್ದು ಅದೇ ಮೊದಲು. ಅದನ್ನು ಕಂಡು ಅವಳಿಗೆ ಅಳುವೇ ಬಂತು.

ಅವನು ಇನ್ನೊಂದು ಹಾಳೆಯ ಮೇಲೆ ಒಂದೇ ಪದ ಬರೆದು ಅವಳ ಮುಂದೆ ಸರಿಸಿದ: ‘ಒಡಪು.’

ನೀಲಾ ಕೆಂಪಾದಳು. ಗಂಡನ ಹೆಸರನ್ನು ಸುಮ್ಮನೆ ಹೇಳಬಾರದು, ನಿಜ. ಆದರೆ ಪ್ರಾಸ ಕಟ್ಟಿ ಒಡಪಿನಲ್ಲಿ ಹೇಳಿದರೆ ಅತ್ತೆಯೂ ಚಪ್ಪಾಳೆ ತಟ್ಟುತ್ತಾಳೆ. ಮದುವೆಯ ದಿನವಂತೂ ಗಂಡು ಹೆಣ್ಣು ಇಬ್ಬರಿಂದಲೂ ಹೆಸರು ಹೇಳಿಸದೆ ಮನೆಯ ಬಾಗಿಲು ಬಿಡುವುದಿಲ್ಲ. ಹಾಗೆಂದು ಮೈಕಿನಲ್ಲಿ ಊರೂರಿಗೆ ಒಡಪು ಹೇಳಿದವರನ್ನು ಯಾರೂ ಕಂಡಿರಲಿಲ್ಲ. ಅವಳು ತುಸು ಹೊತ್ತು ತುಟಿಯಲ್ಲೇ ಗುಣುಗುಣಿಸಿ, ಕಣ್ಣು ಮುಚ್ಚಿ ಹೇಳಿಯೇಬಿಟ್ಟಳು:

“ಒಲಿ ಮ್ಯಾಲ ಬ್ಯಾಳಿ, ಬಾಗಲದಾಗ ಬೀಗರು,
ಸೀಟಿ ಮರತ ಕುಕ್ಕರಿಗೆ ಸೀಟಿ ಕಲಿಸಾವರು ಯಾರು?
ತಿಕೋಟಾದ ಹಣಮಂತರಾಯರು, ನಮ್ಮ ಮನಿಯವರು!”

“ಭಲೇ! ಇನ್ನ ನಾ ಯಾಕ ಬರೀಬೇಕ್ರಿ?” ಎಂದ ರಮಜಾನ.

ಮರುದಿನ ಕನಮಡಿಯಲ್ಲಿ ಬೇವಿನ ಮರದ ನೆರಳಿಗೆ ಮೋಟಾರ್ ಸೈಕಲ್ ನಿಲ್ಲಿಸಿ ಹಣಮಂತರಾಯ ಮೈಕು ಹಚ್ಚಿದ. ಒಮ್ಮೆ ಮುಗಿಯಿತು, ಯಾರೂ ಬರಲಿಲ್ಲ. ಅವನು ಮತ್ತೆ ಹಚ್ಚಿದ. ಎರಡನೆಯ ಸಲಕ್ಕೆ ಎದುರು ಮನೆಯೊಳಗಿಂದ ಕಿಸಕ್ಕನೆ ನಗು ಕೇಳಿಸಿತು. ಮೂರನೆಯ ಸಲಕ್ಕೆ ಏಳೆಂಟು ಹೆಂಗಸರು ಕುಕ್ಕರ್ ಹಿಡಿದು ಸುತ್ತ ನಿಂತಿದ್ದರು.

“ಇಷ್ಟ ದಿನಾ ಎಲ್ಲಿ ಹೋಗಿದ್ರಿ ರಾಯರ?”

“ಇನ್ನೊಮ್ಮಿ ಹಚ್ರಿ, ಕೇಳೂಣು!”

ಹಣಮಂತರಾಯ ಗಂಟಲಿನ ಹೊಲಿಗೆಯ ಗುರುತು ಮುಟ್ಟಿ ತೋರಿಸಿ, ಧ್ವನಿ ಇಲ್ಲವೆಂದು ಕೈಯಾಡಿಸಿದ. ನಗು ನಿಂತುಹೋಯಿತು. ಒಬ್ಬೊಬ್ಬರೇ ತಂತಮ್ಮ ಕುಕ್ಕರ್ ತಂದು ಅವನ ಮುಂದಿಟ್ಟರು. ಎಲ್ಲರಿಗಿಂತ ಹಿರಿಯಳಾದ ಮುದುಕವ್ವ ಮಾತ್ರ ತನ್ನದನ್ನು ಕಂಕುಳಲ್ಲಿ ಬಿಗಿಹಿಡಿದು ನಿಂತಳು.

“ಆಕಿ ನಿನ್ನ ಹೆಸರ ಹೇಳ್ಯಾಳ. ನೀ ಆಕಿ ಹೆಸರ ಹೇಳೂತನಕ ನಾ ಕುಕ್ಕರ್ ಕೊಡಂಗಿಲ್ಲ.”

“ಅವರಿಗೆ ದನಿ ಇಲ್ಲ ಬೇ ಯಮ್ಮಾ,” ಎಂದು ಯಾರೋ ಅವಳ ಸೆರಗು ಜಗ್ಗಿದರು. ಮುದುಕವ್ವ ಜಗ್ಗಲಿಲ್ಲ.

ಹಣಮಂತರಾಯ ಕೈಯೊಳಗಿನ ನಟ್ಟು ಬಿಚ್ಚುವ ಪಾನಾ ಕೆಳಗಿಟ್ಟು ಎದ್ದು ನಿಂತ. ಮದುಮಗನ ಹಾಗೆ ನಾಚಿಕೊಂಡು, ನಿಧಾನವಾಗಿ ತುಟಿ ಆಡಿಸಿದ. ನೀ... ಲಾ... ಉಸಿರಿನ ಸದ್ದೂ ಹೊರಡಲಿಲ್ಲ.

ಮುದುಕವ್ವ ಕುಕ್ಕರನ್ನು ಅವನ ಕೈಗಿಟ್ಟಳು.

“ಕೇಳಿಸ್ತೋ ಯಪ್ಪಾ,” ಎಂದಳು. “ಓಣಿಗೆಲ್ಲಾ ಕೇಳಿಸ್ತು.”