ಉಂಡ ತಾಟು

ನಾಗಾರ್ಜುನ ಉಂಡೆದ್ದ ತಾಟಿನಲ್ಲೇ ಮಗ ಗುರುಕಿರಣ ರೊಟ್ಟಿ ಹಾಕಿಕೊಂಡದ್ದನ್ನು ಕಂಡು ಚನ್ನಬಸವ್ವನ ಕೈಯ ಸೌಟು ಹಾಗೇ ನಿಂತಿತು. ಧಾರವಾಡದಿಂದ ಅಮೆರಿಕದ ಸ್ಯಾನ್ ಹೊಸೆಗೆ, ಮಗನ ಮನೆಗೆ ಬಂದಾಗಿನಿಂದ, ನಾಗಾರ್ಜುನನನ್ನು ಅವನು ಕರೆಯುವ ಈ ‘ರೂಮ್‌ಮೇಟು’ ಅನ್ನುವ ಮಾತಿನ ಮೇಲೇ ಅವಳಿಗೆ ಗುಮಾನಿ. ಗಂಡ ಉಂಡ ತಾಟಿನಲ್ಲಿ ಉಣ್ಣುವವಳು ಹೆಂಡತಿ. ಹಾಗಾದರೆ ಇದೇನು?

“ನೀ ಕಾಲೇಜಿನ್ಯಾಗ ಇತಿಹಾಸ ಕಲಿಸ್ತೀಯಲ್ಲ, ಆ ಹಳೇ ರೋಮಿನ ಮಂದಿ, ಗಂಡಸು ಗಂಡಸು ಕೂಡಿದರ ಏನಂತಿದ್ದರು?” ಎಂದಳು.

ಗುರುಕಿರಣ ತುತ್ತನ್ನು ಕೈಯಲ್ಲೇ ಹಿಡಿದ. “ಕೂಡಿದ್ದಕ್ಕ ಬೈತಿದ್ದಿಲ್ಲವ್ವಾ. ಇಬ್ಬರೊಳಗ ಯಾರು ಧಣಿ, ಯಾರು ಆಳು ಅಂತ ನೋಡತಿದ್ದರು. ಧಣಿಯಾದಂವ ಆಳಿನಂಗ ನಡಕೊಂಡರ ಮರ್ಯಾದಿ ಹೋತು ಅಂತಿದ್ದರು.”

“ನೀ ಧಣಿಯೋ, ಆಳೋ?” ಅವಳ ಕಣ್ಣು ತಾಟನ್ನು ಬಿಡಲಿಲ್ಲ.

ಅಷ್ಟರಲ್ಲಿ ನಾಗಾರ್ಜುನ ಕೈ ಒರೆಸಿಕೊಳ್ಳುತ್ತ ಬಂದ. ಏನೂ ಕೇಳಿಸಿಕೊಳ್ಳದವನು ಗುರುಕಿರಣನ ಪಕ್ಕ ಕೂತು, ಅವನು ಕಚ್ಚಿಟ್ಟ ರೊಟ್ಟಿಯನ್ನು ಅದೇ ತಾಟಿನಿಂದ ಎತ್ತಿ, ಎಣ್ಣೆಗಾಯಿಗೆ ಅದ್ದಿ ಬಾಯಿಗೆ ಹಾಕಿಕೊಂಡ. “ನಿಮ್ಮ ಎಣ್ಣೆಗಾಯಿ ಬಿಟ್ಟು ಏಳೋಕೇ ಆಗ್ತಿಲ್ಲ, ಆಂಟಿ.”

ಚನ್ನಬಸವ್ವ ಬಹಳ ಹೊತ್ತು ಅವನ ಬಾಯನ್ನೇ ನೋಡಿದಳು. ಆಮೇಲೆ ಸೌಟು ಎತ್ತಿ ಅದೇ ತಾಟಿಗೆ ಬಡಿಸಿದಳು.

“ಲಗ್ನ ಆದಾಗಿಂದ ನಿಮ್ಮಪ್ಪನ ತಾಟಿನ್ಯಾಗ ಉಂಡೀನಿ,” ಎಂದಳು ಮಗನಿಗೆ. “ನನ್ನ ತಾಟಿಗೆ ಅವರು ಒಂದು ದಿನಾನೂ ಕೈ ಹಾಕಲಿಲ್ಲ.”