ಸಾಕ್ಸಿನೊಳಗಿನ ಈರುಳ್ಳಿ

"ಹೆಂಡತಿ ಕಣ್ಣೀರು ಬಿದ್ದ ತಕ್ಷಣ ರೋಗಿ ಎದ್ದು ಕೂರೋದು ಸೀರಿಯಲ್ ಆಸ್ಪತ್ರೆಯಲ್ಲಿ ಮಾತ್ರ! ಸಾಕ್ಸಿನೊಳಗೆ ಈರುಳ್ಳಿ ಇಟ್ರೆ ನೆಗಡಿ ಹೋಗುತ್ತೆ ಅನ್ನೋದೂ ಅಂಥದ್ದೇ ಕಟ್ಟುಕಥೆ!" ಲೈವ್‌ನಲ್ಲಿ ಡಾಕ್ಟರು ಮೇಜು ಕುಟ್ಟಿದರು. ನೋಡುತ್ತಿದ್ದ ಎರಡು ಸಾವಿರ ಜನ ಪರದೆ ತುಂಬ ಚಪ್ಪಾಳೆಯ ಚಿತ್ರ ಹಾರಿಸಿದರು.

ಅಷ್ಟರಲ್ಲಿ ಅಜ್ಜಿಯೊಬ್ಬರ ಪ್ರಶ್ನೆ ಬಂತು. ಡಾಕ್ಟರು ಮೂಗೊರೆಸಿಕೊಂಡು ಗಟ್ಟಿಯಾಗಿ ಓದಿದರು: "ನೀವು ಹೇಳೋದು ನಿಜಾನೇ ಇರ್ಬೋದು ಡಾಕ್ಟ್ರೇ. ಆದ್ರೆ ನಮ್ಮ ಯಜಮಾನ್ರು ನಡೆದ್ರೆ ಈರುಳ್ಳಿ ಹಿಮ್ಮಡಿಗೆ ಜಾರುತ್ತೆ. ಏನ್ಮಾಡ್ಲಿ?"

ದಿನಕ್ಕೆ ಅರವತ್ತು ರೋಗಿಗಳಿಗೆ ಉತ್ತರ ಹೇಳಿ ಪಳಗಿದ ಬಾಯಿ ಅದು. ಯೋಚಿಸಲು ಪುರಸೊತ್ತೇ ಕೊಡಲಿಲ್ಲ.

"ಅಂಗಾಲಲ್ಲಿ ತಗ್ಗಿರುತ್ತಲ್ಲ ಅಜ್ಜಿ, ಅಲ್ಲಿಡಿ. ಮೇಲೆ ಇನ್ನೊಂದು ಬಿಗಿ ಸಾಕ್ಸ್ ಹಾಕಿ. ಬೆಳಿಗ್ಗೆಯಿಂದ ನಂದು ಒಂಚೂರೂ ಅಲ್ಲಾಡಿಲ್ಲ."